ಎಂಟು ತಿಂಗಳ ಸ್ನಾರ್ಕೆಲ್: ಎಡಗೈಯ ತಪ್ಪು ತೋರಿಸಿತು, ಉಸಿರು ಮರೆಸಿತು

ನಾನು ಈಜು ಕಲಿತದ್ದು ಅಜ್ಜನ ಮನೆಯ ತೋಟದ ಕೆರೆಯಲ್ಲಿ, ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು. ಅಲ್ಲಿ ಎಲ್ಲರೂ ತಲೆ ಎತ್ತಿಯೇ ಈಜುತ್ತಿದ್ದರು. ನನಗೂ ಅದೇ ರೂಢಿಯಾಯಿತು. 38ನೇ ವಯಸ್ಸಿನಲ್ಲಿ ಟ್ರಯಥ್ಲಾನ್ (ಈಜು, ಸೈಕಲ್, ಓಟ ಒಂದರ ಹಿಂದೊಂದು ಇರುವ ರೇಸ್) ಆಸೆ ಹುಟ್ಟಿದಾಗ ಆ ರೂಢಿಯೇ ಅಡ್ಡ ಬಂತು. ತಲೆ ಮೇಲೆ ಬಂದರೆ ಸೊಂಟ, ಕಾಲು ಕೆಳಗೆ ಇಳಿಯುತ್ತವೆ. ಎಷ್ಟು ಕಾಲು ಬಡಿದರೂ ಮುಂದೆ ಹೋಗುವುದು ಕಮ್ಮಿ. ನನಗೆ 100 ಮೀಟರಿಗೆ 3 ನಿಮಿಷ 10 ಸೆಕೆಂಡ್ ಬೇಕಾಗುತ್ತಿತ್ತು. ಗೋವಾದ 70.3 ರೇಸಿನಲ್ಲಿ (ಒಟ್ಟು ದೂರ 70.3 ಮೈಲಿ, ಅದಕ್ಕೇ ಆ ಹೆಸರು) 1.9 ಕಿ.ಮೀ. ಈಜಲು 1 ಗಂಟೆ 10 ನಿಮಿಷ ಇರುತ್ತದೆ. ಹೇಗೋ ಮುಗಿಸಬಹುದು. ಆದರೆ ಅಷ್ಟು ಸುಸ್ತಾದ ಮೇಲೆ 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ ಬಾಕಿ ಇದೆ ಅಲ್ವಾ?

ಪ್ರತ್ಯೇಕ ಕೋಚ್ ಇಟ್ಟುಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಅದಕ್ಕೇ 2,300 ರೂಪಾಯಿ ಕೊಟ್ಟು ಸ್ನಾರ್ಕೆಲ್ ತಗೊಂಡೆ. ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಕೊಳವೆ ಅದು, ಮುಖ ನೀರಲ್ಲೇ ಇರುತ್ತದೆ, ತಲೆ ಎತ್ತಬೇಕಿಲ್ಲ. ಹಣೆಯ ಮಧ್ಯದಿಂದ ಮೇಲೆ ಹೋಗುವ ಕೊಳವೆಯದ್ದು, ಪಕ್ಕಕ್ಕೆ ಸಿಕ್ಕಿಸುವಂಥದ್ದಲ್ಲ.

ಮೊದಲ ವಾರ ಕಷ್ಟವೇ. ಮೂಗಿಗೆ ನೀರು ನುಗ್ಗಿ ಕೆಮ್ಮು ಬರುತ್ತಿತ್ತು. ಮೂಗಿಗೆ ಕ್ಲಿಪ್ ಹಾಕಿ ಅಭ್ಯಾಸ ಮಾಡಿದೆ, ಆಮೇಲೆ ಅದೂ ಬೇಡವಾಯಿತು. ಈಗ ಬೆಳಿಗ್ಗೆ ಐದೂವರೆಗೆ ಪೂಲಿನ ಅಂಚಿನಲ್ಲಿ ಕೂತು ಮೊದಲು ಕ್ಯಾಪ್, ಆಮೇಲೆ ಗಾಗಲ್ಸ್, ಅದರ ಮೇಲೆ ಸ್ನಾರ್ಕೆಲ್ ಪಟ್ಟಿ ಹಾಕಿಕೊಳ್ಳುತ್ತೇನೆ. ಪಟ್ಟಿಯನ್ನು ನೀರಲ್ಲಿ ಅದ್ದಿ ಹಾಕಿದರೆ ಕೂದಲು ಎಳೆಯುವುದಿಲ್ಲ. ಮುಖ ಮುಳುಗಿಸಿ ಹತ್ತು ಉಸಿರು ಎಣಿಸುತ್ತೇನೆ. ಒಳಗೆ ನೀರು ಸೇರಿದ್ದರೆ ಜೋರಾಗಿ ಒಮ್ಮೆ ಊದಿದರೆ ಸಾಕು. ಆಮೇಲೆ ಗೋಡೆಗೆ ಕಾಲೊತ್ತಿ ಹೊರಡುವುದು. ದಿನದಲ್ಲಿ ನನಗೆ ಅತಿ ಇಷ್ಟದ ಗಳಿಗೆ ಅದು.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ. ಉಸಿರಿಗಾಗಿ ತಲೆ ತಿರುಗಿಸಬೇಕಿಲ್ಲವಲ್ಲ, ಆಗ ನನ್ನ ಕೈಗಳು ನನಗೇ ಕಂಡವು. ಎಡಗೈ ಭುಜದ ನೇರಕ್ಕೆ ಹೋಗದೆ, ತಲೆ ಮುಂದೆ ಅಡ್ಡ ದಾಟಿ ಬಲಕ್ಕೆ ಹೋಗುತ್ತಿತ್ತು. ಅದಕ್ಕೇ ಮೈ ಹಾವಿನ ಹಾಗೆ ಓಲಾಡುತ್ತಿದ್ದದ್ದು! ಇಷ್ಟು ವರ್ಷ ಕಾಲಿನ ತಪ್ಪು ಅಂದುಕೊಂಡಿದ್ದೆ. ಪೂಲಿನ ತಳದ ಕಪ್ಪು ಗೆರೆಯ ಎರಡೂ ಬದಿಗೆ ಒಂದೊಂದು ಕೈ ಇಡುತ್ತಾ ಹೋದೆ. ಮೂರು ತಿಂಗಳಲ್ಲಿ 25 ಮೀಟರಿಗೆ 28 ಸ್ಟ್ರೋಕ್ (ಕೈ ಬೀಸು) ಇದ್ದದ್ದು 23ಕ್ಕೆ ಇಳಿಯಿತು. 100 ಮೀಟರಿಗೆ 2 ನಿಮಿಷ 40 ಸೆಕೆಂಡ್. ಆ ದಿನ ಖುಷಿಗೆ ಮನೆಗೆ ನೀರು ದೋಸೆ ಕಟ್ಟಿಸಿಕೊಂಡು ಹೋದೆ.

ಇಷ್ಟೇ ಆಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ. ಡಿಸೆಂಬರಿನಲ್ಲಿ ಗೆಳೆಯರ ಜೊತೆ, ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ ಕಟ್ಟಿಕೊಂಡು ಮಂಗಳೂರಿನ ತಣ್ಣೀರುಬಾವಿ ಕಡಲಿಗೆ ಇಳಿದೆ. ರೇಸಿನಲ್ಲಿ ಇರುವುದಿಲ್ಲ ಅಂತ ಸ್ನಾರ್ಕೆಲ್ ದಡದಲ್ಲೇ ಬಿಟ್ಟಿದ್ದೆ. ಮೂರನೇ ಸ್ಟ್ರೋಕಿಗೆ ಉಸಿರು ಬೇಕೆನಿಸಿತು. ತಲೆ ಮತ್ತೆ ಮೇಲೆದ್ದಿತು, ಥೇಟ್ ಅಜ್ಜನ ಕೆರೆಯ ಹಾಗೆ. ಬಾಯಿ ತುಂಬ ಉಪ್ಪುನೀರು. 200 ಮೀಟರಿಗೇ ವಾಪಸ್ ಬಂದೆ. ತುಂಬಾ ಬೇಜಾರಾಯಿತು. ನಾಲ್ಕು ತಿಂಗಳು ಮೈಯನ್ನು ಹೊರಳಿಸಿ, ಅರ್ಧ ಬಾಯಿ ನೀರಲ್ಲೇ ಇಟ್ಟು ಉಸಿರು ತಗೊಳ್ಳುವುದನ್ನು ನಾನು ಅಭ್ಯಾಸ ಮಾಡಿಯೇ ಇರಲಿಲ್ಲ. ಹಣೆಯ ಹತ್ತಿರದ ಪ್ಲಾಸ್ಟಿಕ್ ಹಿಡಿಕೆ ಸಡಿಲವಾಗಿ ಕೊಳವೆ ವಾಲತೊಡಗಿದ್ದೂ ಅದೇ ಸಮಯಕ್ಕೆ. ಬೇರೆ ಹಿಡಿಕೆ ಬಿಡಿಯಾಗಿ ಸಿಗಲಿಲ್ಲ. ಈಗ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ.

ಅಲ್ಲಿಂದ ಕ್ರಮ ಬದಲಿಸಿದೆ. 50 ಮೀಟರ್ ಸ್ನಾರ್ಕೆಲ್ ಹಾಕಿ, ಆಮೇಲೆ 100 ಮೀಟರ್ ತೆಗೆದು. ಅದನ್ನು ತೆಗೆದ ತಕ್ಷಣ ಕೈ ಸರಿಯಾದ ದಾರಿ ನೆನಪಿಟ್ಟುಕೊಂಡಿರುತ್ತದೆ, ಗಮನವೆಲ್ಲ ಉಸಿರಿಗೆ ಕೊಡಬಹುದು. ಎರಡೂ ಬದಿಗೆ ಉಸಿರು ತಗೊಳ್ಳುವುದನ್ನೂ ಈಗಲೇ ಕಲಿತೆ. ಫೆಬ್ರವರಿಯಲ್ಲಿ ಅದೇ ಕಡಲಲ್ಲಿ 800 ಮೀಟರ್ ನಿಲ್ಲದೆ ಈಜಿದೆ.

ನನ್ನ ಹಾಗೆ ಕೆರೆಯಲ್ಲೋ ಬಾವಿಯಲ್ಲೋ ತಲೆ ಎತ್ತಿ ಕಲಿತವರಿಗೆ ಈ 2,300 ರೂಪಾಯಿ ಜಾಸ್ತಿಯಲ್ಲ. ಈಗಾಗಲೇ ಮುಖ ಮುಳುಗಿಸಿ ನೇರವಾಗಿ ಈಜುವವರು ಸುಮ್ನೆ ಖರ್ಚು ಮಾಡಬೇಡಿ. ನನ್ನದು ಈಗ ಸೋಮವಾರ, ಗುರುವಾರ ಮಾತ್ರ ಚೀಲಕ್ಕೆ ಹೋಗುತ್ತದೆ, ರಬ್ಬರ್ ಬ್ಯಾಂಡ್ ಸಮೇತ.