ಕುಂದು ಗೊತ್ತಿದ್ದೂ ಹೊಸ ಲ್ಯಾಪ್‌ಟಾಪ್ ತಗೊಳ್ಳಬಹುದಾ? ಮೂರು ಹೊಸ ಮಷೀನು, ಒಂದು ಹಳೆಯದು

ಹೊಸ ಲ್ಯಾಪ್‌ಟಾಪ್ ಬಗ್ಗೆ ವಿಚಾರಿಸುತ್ತಾ ಹೋದರೆ ಯಾವುದನ್ನೂ ಕೊಳ್ಳುವ ಮನಸ್ಸಾಗುವುದಿಲ್ಲ. ಒಂದರ ಹಿಂಜ್ (ಸ್ಕ್ರೀನ್ ತೆರೆದು ಮುಚ್ಚುವ ಕೀಲು) ಕಿತ್ತು ಬರುತ್ತದಂತೆ. ಇನ್ನೊಂದರ ಸ್ಕ್ರೀನ್ ಮಂಕು. ಮತ್ತೊಂದರ ಚಾರ್ಜಿಂಗ್ ಪೋರ್ಟ್ ಸಡಿಲ. ನನ್ನ ಕೈಗೆಟುಕುವ ಬೆಲೆಯಲ್ಲಿ ಕುಂದಿಲ್ಲದ ಮಷೀನು ಸಿಗುವುದಿಲ್ಲ ಅನ್ನುವುದು ಬೇಗ ಖಾತ್ರಿಯಾಯಿತು. ಆಮೇಲೆ ನಾನು ಪ್ರತಿ ಮಷೀನಿಗೂ ಒಂದೇ ಪ್ರಶ್ನೆ ಹಾಕಿದೆ. ಈ ಕುಂದು ನಾಳೆ ಕೈಕೊಟ್ಟರೆ ಚಿಕ್ಕಮಗಳೂರಿನಲ್ಲೇ ಯಾರಾದರೂ ಸರಿ ಮಾಡುತ್ತಾರಾ, ಇಲ್ಲ ಬೆಂಗಳೂರಿಗೆ ಕಳಿಸಿ ಕಾಯಬೇಕಾ?

ನನ್ನ ಕೆಲಸ ಡಿಟಿಪಿ. ಲಗ್ನಪತ್ರಿಕೆ, ಕಾಫಿಪುಡಿ ಪ್ಯಾಕೆಟ್ಟಿನ ಲೇಬಲ್, ಹೋಂಸ್ಟೇಗಳ ಕರಪತ್ರ, ಜೊತೆಗೆ ಒಂದೆರಡು ಅಂಗಡಿಗಳ ಟ್ಯಾಲಿ ಲೆಕ್ಕ. ಹಳೆಯ ಗಿರಾಕಿಗಳ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿವೆ. ನುಡಿಯೂ ಬೇಕು, ಟ್ಯಾಲಿಯೂ ಬೇಕು ಅಂದಮೇಲೆ ವಿಂಡೋಸ್ ಬೇಕೇ ಬೇಕು. ಹಾಗಾಗಿ ಮ್ಯಾಕ್‌ಬುಕ್ಕನ್ನು ಮೊದಲೇ ಬಿಟ್ಟೆ. ಬಿಡಬೇಕಾಗಿ ಬಂದದ್ದು ಬೇಜಾರೇ. ಫ್ಯಾನ್ ಇಲ್ಲದ, ಸದ್ದೇ ಮಾಡದ ಮ್ಯಾಕ್‌ಬುಕ್ ಏರ್ ನನಗೆ ತುಂಬಾ ಇಷ್ಟ.

ಇಲ್ಲಿ ಮಾಡೆಲ್ ಹೆಸರು ಬರೆಯುತ್ತಿಲ್ಲ. ಈ ಮೂರು ಬಗೆಯ ಮಷೀನು ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಇವೆ. ಬಗೆ ತಿಳಿದರೆ ಸಾಕು, ಅಂಗಡಿಯಲ್ಲಿ ನೀವೇ ಗುರುತು ಹಿಡಿಯಬಹುದು.

ಮೊದಲನೆಯದು: ತೆಳುವಾದ ಲೋಹದ ಮೈ, ಒಎಲ್‌ಇಡಿ ಸ್ಕ್ರೀನ್

ಬೆಲೆ 75 ಸಾವಿರದ ಆಸುಪಾಸು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ಹತ್ತಿರ ಇದೇ ಇದೆ. ದಸರಾಕ್ಕೆ ಊರಿಗೆ ಬಂದವನು ರಜೆ ಮುಗಿಯುವವರೆಗೂ ನನಗೇ ಬಿಟ್ಟುಕೊಟ್ಟ. ನನ್ನ ನಿಜವಾದ ಕೆಲಸವನ್ನೇ ಅದರಲ್ಲಿ ಮಾಡಿದೆ.

ಒಎಲ್‌ಇಡಿ ಅಂದರೆ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಸ್ಕ್ರೀನ್. ಎಷ್ಟು ಹೊಗಳಿದರೂ ಕಡಿಮೆಯೇ. ಗಿಡದ ಮೇಲಿನ ಕಾಫಿ ಹಣ್ಣಿನ ಫೋಟೋ ತೆರೆದೆ. ಪೂರ್ತಿ ಹಣ್ಣಾದ ಕೆಂಪು ಬೇರೆ, ಇನ್ನೂ ಎರಡು ದಿನ ಬೇಕು ಅನ್ನುವ ಕೆಂಪು ಬೇರೆ. ಎರಡೂ ಬಿಡಿಬಿಡಿಯಾಗಿ ಕಾಣುತ್ತದೆ. ಕಪ್ಪು ಅಂದರೆ ಕಪ್ಪೇ. ಬ್ಯಾಟರಿ 75 ವ್ಯಾಟ್ ಅವರ್ (ಬ್ಯಾಟರಿಯಲ್ಲಿ ತುಂಬುವ ವಿದ್ಯುತ್ತಿನ ಅಳತೆ). ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಅರ್ಧ ದಿನ ಕರೆಂಟ್ ಹೋಗುವ ಊರಿನಲ್ಲಿ ಇದು ದೊಡ್ಡ ಅನುಕೂಲ. 16 ಜಿಬಿ ರ‍್ಯಾಮ್ ಇದೆ. ಫೋಟೋಶಾಪ್, ಕೋರೆಲ್, ಟ್ಯಾಲಿ ಒಟ್ಟಿಗೆ ತೆರೆದರೂ ಎಳೆದಾಡಲಿಲ್ಲ.

ತೊಂದರೆ ಶುರುವಾದದ್ದು ರಾತ್ರಿ. ಊಟ ಆದಮೇಲೆ ಬ್ರೈಟ್‌ನೆಸ್ ತಗ್ಗಿಸಿ ಕೂರುವುದು ನನ್ನ ಅಭ್ಯಾಸ. ಸ್ವಲ್ಪ ಹೊತ್ತಿಗೇ ಕಣ್ಣಿನ ಹಿಂದೆ ನೋವು ಬರುತ್ತಿತ್ತು. ಇದೇ ಒಎಲ್‌ಇಡಿಯ ಗೊತ್ತಿರುವ ಕುಂದು. ಬೆಳಕು ಕಡಿಮೆ ಮಾಡುವಾಗ ಇಂಥ ಎಷ್ಟೋ ಸ್ಕ್ರೀನುಗಳು ನಿಜವಾಗಿ ಮಂದ ಆಗುವುದಿಲ್ಲ. ಬೇಗ ಬೇಗ ಆರಿ ಹತ್ತುತ್ತವೆ. ಲ್ಯಾಪ್‌ಟಾಪುಗಳಲ್ಲಿ ಸೆಕೆಂಡಿಗೆ 240 ಸಲ ಅನ್ನುವುದು ಸಾಮಾನ್ಯ. ಕಣ್ಣಿಗೆ ಅದು ಕಾಣುವುದಿಲ್ಲ, ಆದರೆ ಕೆಲವರ ತಲೆಗೆ ತಟ್ಟುತ್ತದೆ. ನನ್ನ ತಮ್ಮನಿಗೆ ಏನೂ ಆಗಿಲ್ಲ. ನನಗೆ ಆಯಿತು.

ಇದನ್ನು ಅಂಗಡಿಯಲ್ಲೇ ನೋಡಬಹುದು. ಒಂದು ಬಿಳಿ ಪುಟ ತೆರೆಯಿರಿ. ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ. ಒಂದು ಪೆನ್ಸಿಲ್ ಹಿಡಿದು ಸ್ಕ್ರೀನಿನ ಮುಂದೆ ಜೋರಾಗಿ ಆಚೀಚೆ ಆಡಿಸಿ. ಒಂದೇ ಸಮನೆ ಮಸುಕಾಗಿ ಕಂಡರೆ ಸರಿ. ಬೀಸಣಿಗೆ ಕಡ್ಡಿಗಳ ಹಾಗೆ ಬಿಡಿಬಿಡಿ ಪೆನ್ಸಿಲ್‌ಗಳು ಕಂಡರೆ ಸ್ಕ್ರೀನ್ ಮಿನುಗುತ್ತಿದೆ ಎಂದರ್ಥ. ಬ್ರೈಟ್‌ನೆಸ್ ಏರಿಸುತ್ತಾ ಹೋಗಿ, ಎಲ್ಲಿಗೆ ನಿಲ್ಲುತ್ತದೆ ನೋಡಿ. ನಿಮ್ಮ ಮನೆಯ ಬೆಳಕಿಗೆ ಅಷ್ಟು ಬ್ರೈಟ್‌ನೆಸ್ ಹಿತ ಅನ್ನಿಸಿದರೆ ಚಿಂತೆ ಇಲ್ಲ.

ಇನ್ನೊಂದು ವಿಷಯ ಚಾರ್ಜಿಂಗ್. ಎರಡು ಯುಎಸ್‌ಬಿ-ಸಿ ಪೋರ್ಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ, ಎರಡೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿದವು. ತಮ್ಮನ ಮಷೀನಿನಲ್ಲಿ ಒಂದು ಆಗಲೇ ಸಡಿಲವಾಗಿತ್ತು. ಕೇಬಲ್ ಸ್ವಲ್ಪ ಅಲುಗಿದರೆ ಚಾರ್ಜ್ ನಿಲ್ಲುತ್ತಿತ್ತು. ರ‍್ಯಾಮ್ ಕೂಡ ಬೋರ್ಡಿಗೇ ಅಂಟಿದೆ, ಮುಂದೆ ಜಾಸ್ತಿ ಮಾಡಲು ಆಗುವುದಿಲ್ಲ. ಪೋರ್ಟ್ ಹೋದರೂ ರ‍್ಯಾಮ್ ಹೋದರೂ ವಿಷಯ ಬೋರ್ಡಿನವರೆಗೆ ಹೋಗುತ್ತದೆ. ವಾರಂಟಿ ಮುಗಿದಮೇಲೆ ಬೋರ್ಡ್ ಬದಲಿಸುವುದು ಅಂದರೆ ಹೆಚ್ಚುಕಡಿಮೆ ಇನ್ನೊಂದು ಲ್ಯಾಪ್‌ಟಾಪಿನ ದುಡ್ಡು.

ಲೋಹದ ಮೈಯ ಬಗ್ಗೆ ಒಂದು ಮಾತು. ನಮ್ಮದು ಹಳೇ ಮನೆ. ಕೆಲವು ಪ್ಲಗ್ ಪಾಯಿಂಟ್‌ಗಳಿಗೆ ಅರ್ಥಿಂಗ್ ಇಲ್ಲ. ಚಾರ್ಜಿಗೆ ಹಾಕಿ ಮುಂಗೈ ಇಟ್ಟರೆ ಸಣ್ಣಗೆ ಜುಮ್ ಅನ್ನುತ್ತಿತ್ತು. ಇದು ಮಷೀನಿನ ಕುಂದಲ್ಲ. ಅಡಾಪ್ಟರಿನಿಂದ ಸೋರುವ ಅತಿ ಸಣ್ಣ ಕರೆಂಟಿಗೆ ನೆಲಕ್ಕೆ ಇಳಿಯುವ ದಾರಿ ಇಲ್ಲದಿದ್ದರೆ ಹೀಗಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ವೈರ್ ಎಳೆಸಿದಮೇಲೆ ನಿಂತುಹೋಯಿತು. ಮಲೆನಾಡಿನ ಹಳೇ ಮನೆಗಳಲ್ಲಿ ಇದು ತುಂಬಾ ಕಡೆ ಇದೆ. ಲ್ಯಾಪ್‌ಟಾಪ್ ತಗೊಳ್ಳದಿದ್ದರೂ ದಯವಿಟ್ಟು ಇದನ್ನು ಮಾಡಿಸಿ.

ಎರಡನೆಯದು: ಗೇಮಿಂಗ್ ಮಷೀನು

ಎಂಜಿನಿಯರಿಂಗ್ ಓದುವ ಅಕ್ಕನ ಮಗನದ್ದು. ವೇಗದಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ, ಬೆಲೆಯೂ ಮೊದಲನೆಯದಕ್ಕಿಂತ ಕಡಿಮೆ. ಫ್ಯಾನಿನ ಸದ್ದು ಜಾಸ್ತಿ, ಅಡಾಪ್ಟರೇ ಒಂದು ಇಟ್ಟಿಗೆಯಷ್ಟು ಭಾರ, ಚಾರ್ಜ್ ಬೇಗ ಖಾಲಿ. ಇವೆಲ್ಲ ತಗೊಳ್ಳುವ ದಿನವೇ ಕಾಣುವ ಸಂಗತಿಗಳು. ಒಪ್ಪಿದರೆ ಒಪ್ಪಬಹುದು.

ಒಪ್ಪಲಾಗದ್ದು ಹಿಂಜ್. ಸ್ಕ್ರೀನ್ ಎತ್ತಿದಾಗ ಎಡಮೂಲೆಯಲ್ಲಿ ಕೆಳಗಿನ ಕವರ್ ಸಣ್ಣದಾಗಿ ಬಾಯಿ ಬಿಡುತ್ತಿತ್ತು. ಒಂದು ವಿಸಿಟಿಂಗ್ ಕಾರ್ಡ್ ಆ ಸಂದಿಯಲ್ಲಿ ಸಲೀಸಾಗಿ ಹೋಯಿತು. ನಾನು ಹಾರ್ಡ್‌ಡಿಸ್ಕ್ ರಿಪೇರಿಗೆ ಹೋಗುವ ಅಂಗಡಿಯ ಹುಡುಗ ಕವರ್ ಬಿಚ್ಚಿ ತೋರಿಸಿದ. ಒಳಗೆ ಪ್ಲಾಸ್ಟಿಕ್ಕಿನ ಪುಟ್ಟ ಕಂಬಗಳಿವೆ. ಅವುಗಳಲ್ಲಿ ಹಿತ್ತಾಳೆಯ ಚಿಕ್ಕ ನಟ್‌ಗಳನ್ನು ಬಿಸಿ ಮಾಡಿ ಕೂರಿಸಿದ್ದಾರೆ. ಹಿಂಜಿನ ಸ್ಕ್ರೂಗಳಿಗೆ ಇರುವ ಹಿಡಿತ ಅಷ್ಟೇ. ಸ್ಕ್ರೀನ್ ತೆರೆದು ಮುಚ್ಚುವ ಒತ್ತಡ ಪೂರಾ ಆ ಕಂಬಗಳ ಮೇಲೆ. ಎರಡು ಕಂಬ ಆಗಲೇ ಸೀಳಿದ್ದವು.

"ಅಕ್ಕ, ಹಿಂಜ್ ಗಟ್ಟಿಯಾಗೇ ಇದೆ. ಜಾಸ್ತಿ ಗಟ್ಟಿ ಇರೋದೇ ತೊಂದರೆ. ಅದು ತಿರುಗಲ್ಲ, ಪ್ಲಾಸ್ಟಿಕ್ಕನ್ನ ಕೀಳತ್ತೆ" ಅಂದ. ಆರಲ್ಡೈಟ್ ಹಾಕಿ ಕೂರಿಸಿ, ಹಿಂಜಿನ ನಟ್ಟನ್ನು ಸ್ವಲ್ಪ ಸಡಿಲ ಮಾಡಿ ಕೊಟ್ಟ. ಈಗ ನಡೆಯುತ್ತಿದೆ. ಆದರೆ ಹಾಗೆ ಅಂಟಿಸಿದಮೇಲೆ ಕಂಪನಿಯವರು ಆ ಭಾಗಕ್ಕೆ ವಾರಂಟಿ ಕೊಡದೆ ಹೋಗಬಹುದು. ಹೊಸ ಮಷೀನಿಗೆ ಈ ಚಿಂತೆ ಇಟ್ಟುಕೊಂಡು ಕೊಳ್ಳುವುದು ಸರಿ ಅನ್ನಿಸಲಿಲ್ಲ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಸ್ಕ್ರೀನನ್ನು ಒಂದು ಮೂಲೆ ಹಿಡಿದು ನಿಧಾನವಾಗಿ ಎತ್ತಿ, ಹಿಂಜಿನ ಪಕ್ಕದ ಜೋಡಣೆ ಗೆರೆ ನೋಡಿ. ಅದು ಅಗಲವಾದರೆ ಅಲ್ಲಿಗೇ ಬಿಡಿ.

ಮೂರನೆಯದು: ದಪ್ಪ ಮೈ, ಮಂಕು ಸ್ಕ್ರೀನ್

ಬೆಲೆ 48 ಸಾವಿರದ ಹತ್ತಿರ. ಆಫೀಸುಗಳಿಗೆ ಮಾರುವ ಸಾಲಿನದು. ನೋಡಲು ಏನೂ ಇಲ್ಲ. ಪ್ರೆಸ್ ನಡೆಸುವ ಗೆಳತಿಯ ಹತ್ತಿರ ಇತ್ತು, ಅವಳ ಪ್ರೆಸ್ಸಿನಲ್ಲೇ ಕೂತು ಕೆಲಸ ಮಾಡಿದೆ.

ಅದೇ ಕಾಫಿ ಹಣ್ಣಿನ ಫೋಟೋ ಇಲ್ಲಿ ತೆರೆದರೆ ಹಣ್ಣೆಲ್ಲ ಇಟ್ಟಿಗೆ ಬಣ್ಣ. ಒಮ್ಮೆಗೆ ಬೇಜಾರಾಗುತ್ತದೆ. ಸ್ಪೆಸಿಫಿಕೇಶನ್ ಹಾಳೆಯಲ್ಲಿ 250 ನಿಟ್ಸ್, 45% ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ. ನಿಟ್ಸ್ ಬೆಳಕಿನ ಅಳತೆ, ಎನ್‌ಟಿಎಸ್‌ಸಿ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದರ ಅಳತೆ. ಈ 45% ಅನ್ನುವುದನ್ನು ನೋಡಿದ ಕೂಡಲೇ ಬಣ್ಣದ ಕೆಲಸಕ್ಕೆ ಆಗುವುದಿಲ್ಲ ಅಂತ ತಿಳಿಯಿರಿ. ಫೋಟೋ, ವೆಬ್‌ಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಬಣ್ಣಗಳ ಲೆಕ್ಕದಲ್ಲಿ ಅದು ಸುಮಾರು ಮೂರರಲ್ಲಿ ಎರಡು ಪಾಲು. ಪೂರ್ತಿ ಎಸ್‌ಆರ್‌ಜಿಬಿಗೆ 72% ಎನ್‌ಟಿಎಸ್‌ಸಿ ಬೇಕು. ಕಿಟಕಿ ಪಕ್ಕ ಹಗಲಲ್ಲಿ ಕೂತರೆ 250 ನಿಟ್ಸ್ ಸಾಲದು. ಕೊಡುವ 8 ಜಿಬಿ ರ‍್ಯಾಮ್ ಕೂಡ ಕಡಿಮೆ.

ಆದರೆ ಕವರ್ ಬಿಚ್ಚಿ ನೋಡಿ. ರ‍್ಯಾಮಿಗೆ ಇನ್ನೊಂದು ಸ್ಲಾಟ್ ಖಾಲಿ ಇದೆ. ಇನ್ನೊಂದು 8 ಜಿಬಿ ಹಾಕಿದರೆ 16 ಆಗುತ್ತದೆ, ಜೋಡಿಯಾಗಿ ಓಡುವುದರಿಂದ ಗ್ರಾಫಿಕ್ಸ್ ಕೂಡ ಚುರುಕಾಗುತ್ತದೆ. ಫೈಲುಗಳನ್ನು ಇಡುವ ಎಸ್‌ಎಸ್‌ಡಿ ಒಂದು ಸ್ಕ್ರೂ ಬಿಚ್ಚಿದರೆ ಹೊರಬರುತ್ತದೆ. ಚಾರ್ಜಿಂಗಿಗೆ ಹಳೇ ಕಾಲದ ದುಂಡು ಪಿನ್. ಅದರ ಜಾಕ್ ಬೋರ್ಡಿಗೆ ಅಂಟಿಲ್ಲ, ಸಣ್ಣ ವೈರಿನಲ್ಲಿ ಸಿಕ್ಕಿಸಿದ್ದಾರೆ. ಹಾಳಾದರೆ ಆ ತುಂಡು ಮಾತ್ರ ಬದಲು. ಹಿಂಜ್ ಒಂದೇ ಕೈಯಲ್ಲಿ ಸಲೀಸಾಗಿ ತೆರೆಯಿತು, ಸಂದಿ ಅಲುಗಲಿಲ್ಲ. ನಮ್ಮ ಊರಿನ ರಿಪೇರಿ ಅಂಗಡಿಯಲ್ಲಿ ಆಗದ ಕೆಲಸ ಇದರಲ್ಲಿ ತುಂಬಾ ಕಡಿಮೆ.

ಮಂಕು ಸ್ಕ್ರೀನಿಗೂ ಮದ್ದಿದೆ. ಪೂರ್ತಿ ಎಸ್‌ಆರ್‌ಜಿಬಿ ತೋರಿಸುವ 24 ಇಂಚಿನ ಐಪಿಎಸ್ ಮಾನಿಟರ್ 10 ಸಾವಿರಕ್ಕೆ ಸಿಗುತ್ತದೆ. ಮನೆಯಲ್ಲಿ ಬಣ್ಣದ ಕೆಲಸ ಎಲ್ಲ ಅದರಲ್ಲಿ. ಕರೆಂಟ್ ಹೋದರೆ ಮಾನಿಟರ್ ಆರುತ್ತದಲ್ವಾ ಅಂತ ಗೆಳತಿ ಕೇಳಿದಳು. ನಿಜ. ಇಂಥ ಮಾನಿಟರ್ ಎಳೆಯುವುದು ಸುಮಾರು 20-25 ವ್ಯಾಟ್. ಮನೆಯ ಇನ್ವರ್ಟರಿಗೆ ಅದು ಲೆಕ್ಕಕ್ಕಿಲ್ಲ. ಬ್ಯಾಟರಿ ಮಾತ್ರ ಚಿಕ್ಕದು, 42 ವ್ಯಾಟ್ ಅವರ್. ನಾಲ್ಕು ಗಂಟೆ ದಾಟಿಸುವುದು ಕಷ್ಟ. ಈ ಒಂದರಲ್ಲಿ ಮೊದಲನೆಯದು ಖಂಡಿತ ಮೇಲು.

ಹಳೆಯದನ್ನೇ ಉಳಿಸಿಕೊಂಡರೆ?

ನನ್ನ ಹಳೇ ಮಷೀನು ಇಂಟೆಲ್‌ನ ಏಳನೇ ತಲೆಮಾರಿನ ಐ5 ಪ್ರೊಸೆಸರ್‌ನದು. ಎಸ್‌ಎಸ್‌ಡಿ ಹಾಕಿಸಿದಮೇಲೆ ವೇಗಕ್ಕೆ ಏನೂ ಕೊರತೆ ಇಲ್ಲ. ತೊಂದರೆ ಬೇರೆ ಕಡೆ ಇದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲೆ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ ಅಂತ ಮೈಕ್ರೋಸಾಫ್ಟ್ ಇಟ್ಟಿತು. ಬೇರೆಯವರ ಜಿಎಸ್‌ಟಿ ಪಾಸ್‌ವರ್ಡ್ ನನ್ನ ಕೈಯಲ್ಲಿರುವಾಗ ಅಪ್‌ಡೇಟ್ ಇಲ್ಲದ ಮಷೀನಿನಲ್ಲಿ ಇಂಟರ್‌ನೆಟ್ ತೆರೆಯುವುದು ತಪ್ಪು. ಇಂಟರ್‌ನೆಟ್ ಇಲ್ಲದೆ ಹಳೇ ನುಡಿ ಫೈಲ್ ತೆರೆಯಲು ಇದನ್ನು ಇಟ್ಟುಕೊಂಡಿದ್ದೇನೆ.

ಎಲ್ಲ ಕುಂದೂ ಒಂದೇ ಅಲ್ಲ

ವಿಚಾರಿಸುವಾಗ ಎರಡು ಹಳೇ ಪ್ರಕರಣ ನನಗೆ ಉಪಯೋಗಕ್ಕೆ ಬಂದವು. ಒಂದು ಆಪಲ್‌ನ ಬಟರ್‌ಫ್ಲೈ ಕೀಬೋರ್ಡ್. 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್ಕಿನಲ್ಲಿ ಬಂತು. ಸಣ್ಣ ಧೂಳು ಸೇರಿದರೂ ಕೀ ಅಂಟುತ್ತಿತ್ತು, ಇಲ್ಲ ಒಂದು ಒತ್ತಿದರೆ ಎರಡು ಅಕ್ಷರ ಬರುತ್ತಿತ್ತು. 2018ರ ಜೂನ್‌ನಲ್ಲಿ ಉಚಿತ ರಿಪೇರಿ ಯೋಜನೆ ಶುರು ಮಾಡಿದರು, ಕೊಂಡ ದಿನದಿಂದ ನಾಲ್ಕು ವರ್ಷದವರೆಗೆ. ಆದರೆ ಬದಲಿಸಿ ಹಾಕುತ್ತಿದ್ದದ್ದೂ ಬಟರ್‌ಫ್ಲೈ ಕೀಬೋರ್ಡೇ. ಹಳೇ ಬಗೆಯ ಕೀಬೋರ್ಡಿಗೆ ಮರಳಿದ್ದು 2019ರ ನವೆಂಬರ್‌ನ 16 ಇಂಚಿನ ಮಾಡೆಲ್‌ನಿಂದ. ವಿನ್ಯಾಸದಲ್ಲೇ ಇರುವ ಕುಂದಿಗೆ ಉಚಿತ ರಿಪೇರಿ ಸಿಕ್ಕರೂ ಕುಂದು ಹೋಗುವುದಿಲ್ಲ.

ಇನ್ನೊಂದು ಲೆನೊವೊ ಥಿಂಕ್‌ಪ್ಯಾಡ್‌ಗಳದ್ದು. 2017ರಿಂದ 2019ರ ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ-ಸಿ ಪೋರ್ಟ್ ಕೈಕೊಡುತ್ತಿತ್ತು. ಕಾರಣ ಆ ಪೋರ್ಟನ್ನು ನಡೆಸುವ ಥಂಡರ್‌ಬೋಲ್ಟ್ ಚಿಪ್ಪಿನ ಒಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್). ತೊಂದರೆ ಕಾಣುವ ಮುಂಚೆಯೇ ಅಪ್‌ಡೇಟ್ ಹಾಕಿದವರು ಪಾರಾದರು. ಎರಡೂ ಗೊತ್ತಿದ್ದ ಕುಂದುಗಳೇ. ಆದರೆ ಅಪ್‌ಡೇಟ್‌ನಲ್ಲಿ ಹೋಗುವ ಕುಂದಿಗೆ ನಾನು ಹೆದರುವುದಿಲ್ಲ. ದಿನೇ ದಿನೇ ಬೆಳೆಯುವ ಹಿಂಜಿನಂಥ ಕುಂದಿಗೆ ಹೆದರುತ್ತೇನೆ.

ತಗೊಂಡದ್ದು

ಮೂರನೆಯದನ್ನೇ ತಗೊಂಡೆ. ಮಾನಿಟರ್ ಮತ್ತು ಇನ್ನೊಂದು ರ‍್ಯಾಮ್ ಸೇರಿಸಿದರೂ ಮೊದಲನೆಯದಕ್ಕಿಂತ ಕಡಿಮೆಗೆ ಬಂತು. ಪ್ರೂಫ್ ತೋರಿಸಲು ಗಿರಾಕಿ ಮನೆಗೆ ಒಯ್ದಾಗ ಬಣ್ಣ ಮಂಕಾಗಿ ಕಾಣುತ್ತದೆ, ಅದಕ್ಕೇ ಪ್ರಿಂಟ್ ತೆಗೆದುಕೊಂಡೇ ಹೋಗುತ್ತೇನೆ. ಅಷ್ಟಕ್ಕೆ ಒಗ್ಗಿಕೊಳ್ಳಬಹುದು.

ದುಡ್ಡು ಕೊಡುವ ಮುಂಚೆ ವಾರಂಟಿ ಬಗ್ಗೆ ಗಟ್ಟಿಯಾಗಿ ಕೇಳಿ. ಮನೆಗೇ ಬಂದು ಸರಿ ಮಾಡುತ್ತಾರೆ ಅಂತ ಬಾಕ್ಸಿನ ಮೇಲೆ ಇದ್ದರೂ ನಿಮ್ಮ ಪಿನ್‌ಕೋಡಿಗೆ ಅದು ಇದೆಯಾ ಅಂತ ಕಂಪನಿಗೇ ಫೋನ್ ಮಾಡಿ ಕೇಳಿ. ಚಿಕ್ಕಮಗಳೂರು ಪೇಟೆಗೆ ಬರುವವರು ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗೂ ಬರುತ್ತಾರೆ ಅಂತ ಇಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಬಾಕ್ಸ್ ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ. ಮೊದಲ ವಾರವೇ ಎಲ್ಲ ಪೋರ್ಟ್, ಎಲ್ಲ ಕೀ, ಹಿಂಜಿನ ಸಂದಿ ನೋಡಿ ಮುಗಿಸಿ, ಆಮೇಲೆ ಬದಲಿ ಕೇಳುವುದು ಕಷ್ಟ. ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಹಗಲಲ್ಲೇ ಕೆಲಸ ಮಾಡುವವರಾಗಿದ್ದು, ಪೆನ್ಸಿಲ್ ಪರೀಕ್ಷೆಯಲ್ಲಿ ನಿಮ್ಮ ಕಣ್ಣಿಗೆ ಏನೂ ಅನ್ನಿಸದಿದ್ದರೆ, ಬೆಂಗಳೂರಿಗೆ ಓಡಾಟ ಇದ್ದೇ ಇರುತ್ತದೆ ಅನ್ನುವುದಾದರೆ, ಒಎಲ್‌ಇಡಿಯನ್ನೇ ತಗೊಳ್ಳಿ. ಮೂರು ವರ್ಷದ ವಾರಂಟಿ ಮಾತ್ರ ಸೇರಿಸಿಕೊಂಡೇ ತಗೊಳ್ಳಿ.