ಮಾದಾವರದಲ್ಲಿ ಎಡ್ ಶೀರನ್: ಒಬ್ಬ ಮೈಕ್ ಸೆಟ್ಟಿನವನ ಲೆಕ್ಕ

ನಾನು ಇಪ್ಪತ್ತಾರು ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಆರತಕ್ಷತೆ, ಸ್ಕೂಲ್ ಡೇ. ಊರೆಲ್ಲ ಹಾಡು ಕೇಳುವಾಗ ಎಲ್ಲಿ ಮೈಕ್ 'ಕುಂಯ್' ಅಂತ ಹೌಲಿಂಗ್ ಬರುತ್ತೋ ಅಂತ ಕಿವಿ ಕೊಟ್ಟು ಕೂರುವವನು ನಾನು. ಅಕ್ಕನ ಮಗಳು ಫೋನ್ ಮಾಡಿ, "ಮಾವ, ಇಂಗ್ಲೆಂಡಿನ ಸಿಂಗರ್ ಎಡ್ ಶೀರನ್ ಶೋಗೆ ಒಂದು ಟಿಕೆಟ್ ಉಳಿದಿದೆ, ನನ್ನ ಫ್ರೆಂಡ್ ಬರ್ತಿಲ್ಲ, ನೀವು ಬನ್ನಿ" ಅಂದಳು. ನಾನು ಮೊದಲು ಕೇಳಿದ್ದು, "ಸೌಂಡ್ ಯಾರದ್ದು?" ಅಂತ. ಟಿಕೆಟ್‌ಗೆ ಎಷ್ಟಾಯ್ತು ಅಂತಲೂ ಕೇಳಿದೆ. "ಬೇಡ ಬಿಡಿ, ಕೇಳಿದ್ರೆ ನೀವು ಬರಲ್ಲ" ಅಂದಳು. ಇವತ್ತಿನವರೆಗೂ ಹೇಳಿಲ್ಲ.

2025ರ ಫೆಬ್ರುವರಿ 9, ಭಾನುವಾರ. ಬೆಂಗಳೂರಿನ ಎರಡು ಶೋಗಳಲ್ಲಿ ಎರಡನೆಯದು. ಜಾಗ ಮಾದಾವರದ ನೈಸ್ ಮೈದಾನ. ತುಮಕೂರು ರಸ್ತೆಯಲ್ಲಿ ಭಾನುವಾರ ಸಂಜೆ ಕಾರು ತೆಗೆಯುವುದು ಎಂಥ ಪಾಪ ಅಂತ ಗೊತ್ತಿರುವುದರಿಂದ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದೆವು. ನಾಗಸಂದ್ರದಿಂದ ಮಾದಾವರಕ್ಕೆ ರೈಲು ಶುರುವಾಗಿದ್ದು ಅದರ ಹಿಂದಿನ ನವೆಂಬರ್‌ನಲ್ಲಿ. ಅದಿಲ್ಲದಿದ್ದರೆ ಅವತ್ತು ಅರ್ಧ ಜನ ಗೊರಗುಂಟೆಪಾಳ್ಯದಲ್ಲೇ ನಿಂತು ಯೂಟ್ಯೂಬ್ ನೋಡಬೇಕಿತ್ತು. ನಮ್ಮ ಅದೃಷ್ಟಕ್ಕೆ ಮೆಟ್ರೋ ದರ ಏರಿದ್ದೂ ಅವತ್ತೇ. 60 ಇದ್ದ ಗರಿಷ್ಠ ದರ ಬೆಳಗಾಗುವಷ್ಟರಲ್ಲಿ 90. ರೈಲಿನೊಳಗೆ ಅರ್ಧ ಮಾತು ಅದೇ ಆಗಿತ್ತು.

ಇನ್ನರ್ಧ ಮಾತು ಚರ್ಚ್ ಸ್ಟ್ರೀಟ್ ಬಗ್ಗೆ. ಅವತ್ತು ಬೆಳಗ್ಗೆ ಈ ಗಾಯಕ ಚರ್ಚ್ ಸ್ಟ್ರೀಟಿನ ಫುಟ್‌ಪಾತ್ ಮೇಲೆ ಗಿಟಾರ್ ಹಿಡಿದು ಹಾಡಲು ನಿಂತಿದ್ದಾನೆ. 'ಶೇಪ್ ಆಫ್ ಯೂ' ನಡೆಯುತ್ತಿರುವಾಗಲೇ ಪೊಲೀಸರೊಬ್ಬರು ಬಂದು ವೈರ್ ಕಿತ್ತಿದ್ದಾರೆ. ಪರ್ಮಿಷನ್ ಕೊಟ್ಟಿರಲಿಲ್ಲ ಅಂತ ಪೊಲೀಸರು, ಇತ್ತು ಅಂತ ಅವನು. ರೈಲಲ್ಲಿ ಎಲ್ಲರ ಫೋನಿನಲ್ಲೂ ಅದೇ ವಿಡಿಯೊ. ಹುಡುಗರೆಲ್ಲ ನಗುತ್ತಿದ್ದರು, ನನಗೆ ಮಾತ್ರ ಹೊಟ್ಟೆಯೊಳಗೆ ಸಂಕಟ. ನನ್ನ ವೈರ್ ಎಷ್ಟು ಸಲ ಕಿತ್ತಿದ್ದಾರೋ ಲೆಕ್ಕವಿಲ್ಲ. ರಾತ್ರಿ ಹತ್ತು ದಾಟಿದರೆ ಮೈಕ್ ಬಂದ್ ಮಾಡಬೇಕು, ನಿಯಮ ಸರಿಯೇ. ಆದರೆ ಮಾಸ್ಟರ್ ವಾಲ್ಯೂಮ್ ಇಳಿಸದೆ ಏಕಾಏಕಿ ವೈರ್ ಎಳೆದರೆ ಸ್ಪೀಕರ್ 'ಢಬ್' ಅನ್ನುತ್ತದೆ. ಆ ಶಬ್ದಕ್ಕೆ ಎದೆ ಒಡೆಯುವುದು ಸ್ಪೀಕರ್ ಕೊಂಡವನದ್ದೇ.

ಸಾಲು ಉದ್ದ ಇತ್ತು. ಒಳಗೆ ಹೋಗುವಷ್ಟರಲ್ಲಿ ಮೊದಲು ಹಾಡುವವರ ಸರದಿ ಮುಗಿದೇ ಹೋಗಿತ್ತು, ಆದ್ದರಿಂದ ಅವರ ಬಗ್ಗೆ ಏನೂ ಹೇಳಲಾರೆ. ಊಟದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಒಂದು ಸ್ಟಾಲಿನಲ್ಲಿ ಪನೀರ್ ರೋಲ್ ಹೇಳಿ ದುಡ್ಡು ಕಟ್ಟಿ ನಲವತ್ತು ನಿಮಿಷ ನಿಂತೆ. ಕೈಗೆ ಬಂದಾಗ ಒಳಗಿನ ಪನೀರ್ ಇನ್ನೂ ಫ್ರಿಜ್ಜಿನ ನೆನಪಲ್ಲೇ ಇತ್ತು. ಮನೆಯಿಂದ ಚಿತ್ರಾನ್ನ ತಿಂದು ಹೊರಡಿ. ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಸ್ಟೇಜ್ ನೋಡಿದ ಕೂಡಲೇ ನಾನು ಹುಡುಕಿದ್ದು ಡ್ರಮ್ಸ್. ಕಾಣಲಿಲ್ಲ. ಕೀಬೋರ್ಡ್? ಕಾಣಲಿಲ್ಲ. ಕತ್ತಲಾದ ಮೇಲೆ ಟೀ ಶರ್ಟ್ ಹಾಕಿದ ಕೆಂಚು ಕೂದಲಿನ ಒಬ್ಬ ಹುಡುಗ ಗಿಟಾರ್ ಹಿಡಿದು ನಡೆದು ಬಂದ. ಹುಡುಗ ಅಂತ ನಾನು ಹೇಳುತ್ತೇನೆ, ಆ ತಿಂಗಳ 17ಕ್ಕೆ ಅವನಿಗೆ 34 ತುಂಬುವುದಿತ್ತಂತೆ. ಎದುರಿಗೆ ಕಣ್ಣು ಹಾಯುವಷ್ಟೂ ಜನ. ಇವನೊಬ್ಬ. ನನ್ನ ಮನಸ್ಸಿಗೆ ಬಂದದ್ದು ಒಂದೇ: ಓಹೋ, ಟ್ರ್ಯಾಕ್.

ಟ್ರ್ಯಾಕ್ ಅಂದರೆ ಏನಂತ ಹೇಳಬೇಕು. ಮೊದಲು ನಮ್ಮ ರಸಮಂಜರಿಗಳಲ್ಲಿ ಹತ್ತು ಹನ್ನೆರಡು ಜನ ವಾದ್ಯದವರು ಇರುತ್ತಿದ್ದರು. ಆಮೇಲೆ ಒಂದು ಕೀಬೋರ್ಡ್, ಒಂದು ರಿದಮ್ ಪ್ಯಾಡ್‌ಗೆ ಇಳಿಯಿತು. ಈಗ ಪೆನ್ ಡ್ರೈವ್. ಹಾಡುವವರು ಬಂದು ನನ್ನ ಕೈಗೆ ಅದನ್ನು ಕೊಟ್ಟು, "ಅಣ್ಣ, ಮೂರನೇದು ಹಾಕಿ" ಅಂತಾರೆ. ಕೆಲವರು ಕೋರಸ್ ಬಂದಾಗ ಬಾಯಿ ಮಾತ್ರ ಆಡಿಸುತ್ತಾರೆ. ಮಿಕ್ಸರ್ ಮುಂದೆ ಕೂತವನಿಗೆ ಎಲ್ಲ ಗೊತ್ತಾಗುತ್ತದೆ, ಬಾಯಿ ಬಿಡುವ ಹಾಗಿಲ್ಲ.

ಇವನು ಗಿಟಾರಿನ ಹೊಟ್ಟೆಗೆ ಅಂಗೈಯಲ್ಲಿ ತಟ್ಟಿದ. ಕಾಲಲ್ಲಿ ಒಂದು ಪೆಡಲ್ ಒತ್ತಿದ. ಆ ತಟ್ಟು ತಾನಾಗೇ ತಿರುಗತೊಡಗಿತು. ಅದರ ಮೇಲೆ ತಂತಿ ಮೀಟಿದ, ಮತ್ತೆ ಒತ್ತಿದ. ಅದೂ ತಿರುಗಿತು. ಆಮೇಲೆ ಕೆಳಗಿನ ಸ್ವರದಲ್ಲಿ ಒಂದು ಸಾಲು, ಮೇಲಿನ ಸ್ವರದಲ್ಲಿ ಇನ್ನೊಂದು. ಅರ್ಧ ನಿಮಿಷದಲ್ಲಿ ಹಿಂದೆ ಒಂದು ತಂಡವೇ ಕೂತ ಹಾಗಾಯಿತು. ಭಜನೆಯಲ್ಲಿ ಮುಂದೆ ಹೇಳಿಕೊಡುವವರೊಬ್ಬರು, ಹಿಂದೆ ಹೇಳುವವರು ಹತ್ತು ಜನ ಇರ್ತಾರಲ್ಲ, ಇಲ್ಲಿ ಆ ಹನ್ನೊಂದೂ ಜನ ಇವನೇ. ಇದಕ್ಕೆ ಲೂಪ್ ಸ್ಟೇಷನ್ ಅಂತಾರೆ. ಮೊದಲೇ ರೆಕಾರ್ಡ್ ಮಾಡಿ ತಂದದ್ದು ಏನೂ ಇರುವುದಿಲ್ಲ. ಅಲ್ಲೇ ಕಟ್ಟಬೇಕು, ಹಾಡು ಮುಗಿದ ಮೇಲೆ ಅಳಿಸಬೇಕು.

ಕೇಳುವವರಿಗೆ ಇದು ಜಾದೂ. ನನಗೆ ಬೆವರು ಬಂತು. ಯಾಕಂದ್ರೆ ಟ್ರ್ಯಾಕ್ ತಾಳ ತಪ್ಪುವುದಿಲ್ಲ. ಬ್ಯಾಂಡಿನಲ್ಲಿ ಒಬ್ಬ ತಪ್ಪಿದರೆ ಇನ್ನೊಬ್ಬ ಸಂಭಾಳಿಸುತ್ತಾನೆ. ಲೂಪಿನಲ್ಲಿ ಮೊದಲ ತಟ್ಟು ಒಂದು ಚೂರು ಆಚೀಚೆ ಆದರೂ ಆ ತಪ್ಪೇ ನಾಲ್ಕು ನಿಮಿಷ ತಿರುಗಿ ತಿರುಗಿ ಮುಖಕ್ಕೆ ಹೊಡೆಯುತ್ತದೆ. ನಾನು ಕಾಯುತ್ತಲೇ ಇದ್ದೆ, ಎಲ್ಲಾದರೂ ತಪ್ಪುತ್ತಾನೆ ಅಂತ. ಅಕ್ಕನ ಮಗಳು ಕುಣಿಯುತ್ತಿದ್ದಳು, ನಾನು ಕೈಯಲ್ಲಿ ತಾಳ ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಸಿಗಲಿಲ್ಲ.

ಸೌಂಡ್ ಬಗ್ಗೆ. ನಾವಿದ್ದದ್ದು ಹಿಂದೆ, ಅಗ್ಗದ ಕಡೆ (ಅಗ್ಗ ಅಂದ್ರೆ ಎಷ್ಟು ಅಂತ ಈಗಲೂ ಗೊತ್ತಿಲ್ಲ). ಇಂಥ ದೊಡ್ಡ ಬಯಲಿನಲ್ಲಿ ಒಂದು ತೊಂದರೆ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ನಿಂತವನಿಗೆ ಸ್ಟೇಜಿನ ಶಬ್ದ ಹೆಚ್ಚುಕಡಿಮೆ ಕಾಲು ಸೆಕೆಂಡು ತಡವಾಗಿ ಮುಟ್ಟುತ್ತದೆ. ಅಲ್ಲಿ ಇನ್ನೊಂದು ಜೋಡಿ ಬಾಕ್ಸ್ ಸುಮ್ನೆ ನಿಲ್ಲಿಸಿದರೆ ಎರಡೂ ಬೇರೆ ಬೇರೆ ಹೊತ್ತಿಗೆ ಕೇಳಿ ಮಾತೆಲ್ಲ ಗೋಜಲಾಗುತ್ತದೆ. ನಮ್ಮ ಜಾತ್ರೆಗಳಲ್ಲಿ ಆಗೋದು ಅದೇ. ಹಿಂದಿನ ಬಾಕ್ಸನ್ನು ಅಷ್ಟೇ ಹೊತ್ತು ತಡ ಮಾಡಿ ಬಿಡಬೇಕು. ಅಲ್ಲಿ ಅದನ್ನು ಕೂದಲೆಳೆಯಷ್ಟು ಸರಿಯಾಗಿ ಮಾಡಿದ್ದರು. ಒಂದು ಹಾಡಿನುದ್ದಕ್ಕೂ ಕಣ್ಣು ಮುಚ್ಚಿ ನಿಂತೆ. ಪದ ಪದವೂ ಕೇಳಿತು. ಅರ್ಥ ಆಗಲಿಲ್ಲ, ಅದು ಬೇರೆ ವಿಷಯ. ಸೌಂಡಿಗೆ 5ಕ್ಕೆ 4.5. ಅರ್ಧ ಕಳೆದದ್ದು ಎರಡು ಹಾಡಿನಲ್ಲಿ ಬೇಸ್ ಜಾಸ್ತಿಯಾಗಿ ಧ್ವನಿ ಅಡಿಗೆ ಹೋಯಿತು ಅಂತ.

ಅವನ ಈ ಸಂಗೀತ ಪ್ರವಾಸದ ಹೆಸರೇ ಗಣಿತ. ಅವನ ಐದು ಆಲ್ಬಂಗಳಿಗೆ ಗಣಿತದ ಚಿಹ್ನೆಗಳೇ ಹೆಸರು. 2011ರಲ್ಲಿ ಕೂಡು, 2014ರಲ್ಲಿ ಗುಣಿಸು, 2017ರಲ್ಲಿ ಭಾಗಿಸು, 2021ರಲ್ಲಿ ಸಮ, 2023ರಲ್ಲಿ ಕಳೆ. 2022ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ 'ಸಮ'ದ ಜೊತೆ ಶುರುವಾದ ಪ್ರವಾಸ ಆಗಿನ್ನೂ ನಡೆದೇ ಇತ್ತು, ನಡುವೆ 'ಕಳೆ' ಬಂದು ಸೇರಿಕೊಂಡಿತು. ಇದೆಲ್ಲ ಹೇಳಿಕೊಟ್ಟದ್ದು ಅಕ್ಕನ ಮಗಳು. ನಮ್ಮ ಅಂಗಡಿ ಪುಸ್ತಕದಲ್ಲೂ ಕಳೆಯೋದೇ ಜಾಸ್ತಿ ಅಂದೆ, ಅವಳು ನಗಲಿಲ್ಲ. ಆ 'ಕಳೆ' ಆಲ್ಬಂ ಗೆಳೆಯ ಸತ್ತ ದುಃಖದಲ್ಲಿ, ಹೆಂಡತಿಯ ಕಾಯಿಲೆಯ ಭಯದಲ್ಲಿ ಬರೆದದ್ದಂತೆ. ಅದರ ಹಾಡು ಬಂದಾಗ ನನ್ನ ಸುತ್ತ ಒಂದಷ್ಟು ಜನ ರೀಲ್ಸ್ ನೋಡುತ್ತಾ ಹರಟೆ ಹೊಡೆಯುತ್ತಿದ್ದರು. ಬಯಲಲ್ಲಿ ಮೆಲ್ಲನೆಯ ಹಾಡಿನ ಗತಿ ಇಷ್ಟೇ. ಅದನ್ನು ಸಣ್ಣ ಹಾಲ್‌ನಲ್ಲಿ ಕೇಳಬೇಕು.

ಇನ್ನು ಭಾಷೆ ವಿಷಯ. ಮಧ್ಯದಲ್ಲಿ ಗಾಯಕಿ ಶಿಲ್ಪಾ ರಾವ್ ಬಂದರು. ಅವರು ತೆಲುಗಿನ 'ದೇವರ' ಸಿನಿಮಾಕ್ಕೆ ಹಾಡಿದ್ದ 'ಚುಟ್ಟಮಲ್ಲೆ'ಯನ್ನು ಇಬ್ಬರೂ ಸೇರಿ ಹಾಡಿದರು. ಮೈದಾನ ಕಿರುಚಿತು. ನನ್ನ ಪಕ್ಕದ ಒಬ್ಬರು, "ಬೆಂಗಳೂರಿಗೆ ಬಂದು ತೆಲುಗಾ?" ಅಂದರು. ನನಗೂ ಒಳಗೆ ಚುಳ್ ಅಂತು, ಸುಳ್ಳು ಯಾಕೆ ಹೇಳಲಿ. ನಾಲ್ಕು ದಿನ ಹಿಂದೆ ಚೆನ್ನೈನಲ್ಲಿ ಎ.ಆರ್. ರೆಹಮಾನ್ ಜೊತೆ ಹಾಡಿ ಅಲ್ಲಿನವರ ಮನಸ್ಸು ತುಂಬಿಸಿ ಬಂದಿದ್ದ. ನಮ್ಮ ಅಣ್ಣಾವ್ರು 1978ರಲ್ಲೇ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಇಡೀ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿದ್ದರು. ಸಾಲ ತೀರಿಸೋಕೆ ಒಂದು ಸಾಲಾದರೂ ಕನ್ನಡ ಹಾಡಬಹುದಿತ್ತಪ್ಪ. ಆದರೆ ಅವನ ಮೇಲೆ ಸಿಟ್ಟು ಬರಲಿಲ್ಲ. ಯಾವ ಊರಲ್ಲಿ ಯಾವ ಹಾಡು ಅಂತ ಅವನಿಗೆ ಹೇಳಿಕೊಟ್ಟವರು ಯಾರೋ, ಅವರ ಮೇಲೆ ಬಂತು. ಹಾಡಿದ್ದು ಮಾತ್ರ ಶ್ರದ್ಧೆಯಿಂದ. ಸುಮ್ನೆ ನಾಲ್ಕು ಪದ ಒದರಿ ಕೈ ಬೀಸಿ ಹೋಗಲಿಲ್ಲ.

ಕೊನೆಗೆ 'ಶೇಪ್ ಆಫ್ ಯೂ' ಬಂತು, ಬೆಳಗ್ಗೆ ವೈರ್ ಕಿತ್ತ ಅದೇ ಹಾಡು. ಮೊದಲ ತಟ್ಟಿಗೇ ಎಲ್ಲರಿಗೂ ಗೊತ್ತಾಗಿ ಹೋ ಅಂದರು. ಈ ಸಲ ಯಾರೂ ವೈರ್ ಮುಟ್ಟಲಿಲ್ಲ. ನಾನು ತಾಳದ ಪರೀಕ್ಷೆ ಬಿಟ್ಟು ಚಪ್ಪಾಳೆ ತಟ್ಟಿದೆ. ಹತ್ತಕ್ಕೆ ಮುಂಚೆಯೇ ಎಲ್ಲ ಮುಗಿಯಿತು. ಆ ಶಿಸ್ತು ನಮ್ಮ ಗಣೇಶೋತ್ಸವದ ಹುಡುಗರಿಗೆ ಬಂದರೆ ನನ್ನ ಸ್ಪೀಕರ್‌ಗಳ ಆಯುಸ್ಸು ಹೆಚ್ಚಾಗುತ್ತದೆ.

ಬೆಂಗಳೂರು ಮುಗಿಸಿ ಅವನು ಹೊರಟ. ಆ ವಾರವೇ ಶಿಲ್ಲಾಂಗ್‌ನಲ್ಲಿ, ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಹಾಡಿದ. ಇನ್ನೊಮ್ಮೆ ಈ ಕಡೆ ಬಂದರೆ ಹೋಗಿ. ಹಿಂದೆ ನಿಂತರೂ ಪರವಾಗಿಲ್ಲ.

ಬೆಂಗಳೂರಿನ ಶೋ ಆದ ಮರುದಿನ ಕೇಬಲ್ ತರಲು ಎಸ್‌ಪಿ ರೋಡಿಗೆ ಹೋಗಿದ್ದೆ. ಸುಮ್ನೆ ಒಂದು ಲೂಪ್ ಪೆಡಲ್ ರೇಟ್ ಕೇಳಿಕೊಂಡು ಬಂದೆ. ಕೈಗೆಟುಕದ ರೇಟೇನೂ ಅಲ್ಲ. ಸಂಜೆ ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ, "ಟ್ರ್ಯಾಕ್ ಇದೆಯಲ್ಲಣ್ಣ, ಅದ್ಯಾಕೆ?"