ಕುಡಿತ ಬಿಟ್ಟಿದ್ದು ಅವರು, ಕೌನ್ಸೆಲಿಂಗ್ ಬೇಕಾಗಿದ್ದು ನನಗೂ

ನಾನು, ನಮ್ಮ ಯಜಮಾನರು ಕೌನ್ಸೆಲಿಂಗ್‌ಗೆ ಹೋಗಲು ಶುರು ಮಾಡಿ ಎರಡು ವರ್ಷದ ಮೇಲಾಯಿತು. ತುಮಕೂರಿನ ಒಂದು ಖಾಸಗಿ ಕೇಂದ್ರ. ದೂರುಗಳೂ ಇರುವುದರಿಂದ ಹೆಸರು ಹಾಕುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹಾರಿಹೋಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ. ಜೀವಕ್ಕೇ ಅಪಾಯ. ಅದನ್ನು ಮಾತಿನಲ್ಲಿ ಸರಿ ಮಾಡೋಕಾಗಲ್ಲ. ಕೇಂದ್ರದವರೇ ನಮ್ಮನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸಿದರು. ಕೆಲವು ದಿನ ಅಡ್ಮಿಟ್ ಮಾಡಿಕೊಂಡು, ಮಾತ್ರೆ, ಬಿ1 ವಿಟಮಿನ್ ಕೊಟ್ಟರು. ಕೌನ್ಸೆಲಿಂಗ್ ಆಮೇಲೆ. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಇದರಿಂದ. "ಗೊತ್ತಾಗದಂತೆ ಸಾರಿಗೆ ಬೆರೆಸಿ" ಅಂತ ಪುಡಿ ಮಾರುವವರ ಮಾತು ಮಾತ್ರ ಕೇಳಬೇಡಿ. ಅದರಲ್ಲಿ ಏನಿದೆಯೋ ದೇವರಿಗೇ ಗೊತ್ತು.

ಯಜಮಾನರಿಗೆ ಅಲ್ಲಿ ಯಾರೂ ಬುದ್ಧಿ ಹೇಳಲಿಲ್ಲ. ಬುದ್ಧಿ ಹೇಳೋಕೆ ಮನೆಯಲ್ಲಿ ಜನ ಕಡಿಮೆ ಇದ್ದರಾ? ಎಷ್ಟು ಗಂಟೆಗೆ ಕುಡಿಯಬೇಕು ಅನ್ನಿಸುತ್ತದೆ, ಆಗ ಜೊತೆಗೆ ಯಾರಿರುತ್ತಾರೆ, ಹೊಟ್ಟೆಗೆ ಏನಾದರೂ ಬಿದ್ದಿರುತ್ತದಾ, ಬರೀ ಇಂಥ ಪ್ರಶ್ನೆಗಳು. ಕೆದಕಿ ನೋಡಿದರೆ ಎಲ್ಲಾ ಅಂಗಡಿ ಷಟರ್ ಎಳೆದು ಮನೆ ಸೇರುವುದರೊಳಗಿನ ಕಥೆ. ಈಗ ಷಟರ್ ಎಳೆಯುವ ಮುಂಚೆಯೇ ಏನಾದರೂ ತಿನ್ನುತ್ತಾರೆ, ಬೇರೆ ರಸ್ತೆಯಲ್ಲಿ ಬರುತ್ತಾರೆ. ಆಸೆ ಬಂದರೆ ಅದರ ಜೊತೆ ಕುಸ್ತಿ ಆಡಬೇಡಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ ಎಂದಿದ್ದರಂತೆ. ನಡುವೆ ಒಂದು ಮದುವೆ ಮನೆಯಲ್ಲಿ ಮತ್ತೆ ಕುಡಿದರು. ಕೌನ್ಸೆಲರ್ ಬೈಯಲಿಲ್ಲ, ಆ ದಿನ ಏನಾಯಿತು ಅಂತ ಕೂರಿಸಿಕೊಂಡು ಕೇಳಿದರು.

ನನ್ನ ವಿಷಯ ಬೇರೆ. ಅವರು ಬಿಟ್ಟು ತಿಂಗಳುಗಳಾದರೂ ಸಂಜೆ ಗೇಟಿನ ಹತ್ತಿರ ಸ್ಕೂಟರ್ ಸದ್ದು ಕೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮಗಳು ಟಿವಿ ಸೌಂಡ್ ಕಡಿಮೆ ಮಾಡುತ್ತಿದ್ದಳು. ಮನಸ್ಸಿಗೆ ಗೊತ್ತು, ಮೈಗೆ ಗೊತ್ತಿಲ್ಲ. ಹಳೇ ಭಯ ಹೀಗೆ ಉಳಿಯುವುದು ಸಹಜ, ನೀವು ಅತಿಯಾಗಿ ಆಡುತ್ತಿಲ್ಲ ಎಂದು ಕೌನ್ಸೆಲರ್ ಹೇಳಿದಾಗ ಅಳು ಬಂತು. ಸದ್ದು ಕೇಳಿದ ಕೂಡಲೇ ಸುತ್ತ ಕಾಣುವ ಐದು ವಸ್ತು ಹೆಸರಿಸಿ, ಕೈಗೆ ಸಿಗುವ ನಾಲ್ಕನ್ನು ಮುಟ್ಟಿ, ಉಸಿರು ನಿಧಾನಕ್ಕೆ ಬಿಡಿ ಎಂದರು. ಒಲೆ ಮುಂದೆ ನಿಂತು ಕುಕ್ಕರ್, ಸೌಟು, ಒಗ್ಗರಣೆ ಡಬ್ಬಿ ಎಂದು ಎಣಿಸುವಾಗ ನಗು ಬರುತ್ತಿತ್ತು. ಆದರೆ ಕೆಲಸ ಮಾಡಿತು.

ಯಾರೂ ಹೇಳದ ಇನ್ನೊಂದು ಕಷ್ಟ: ಕುಡಿತ ಬಿಟ್ಟ ಮನುಷ್ಯ ಮನೆಯಲ್ಲಿ ತನ್ನ ಜಾಗ ವಾಪಸ್ ಕೇಳುತ್ತಾನೆ. ಎಟಿಎಂ ಕಾರ್ಡ್ ಕೊಡು ಎಂದರು. ಅಷ್ಟು ವರ್ಷ ಸಂಸಾರ ತೂಗಿಸಿದವಳು ನಾನು, ಹೇಗೆ ಕೊಡಲಿ? ನಮ್ಮ ದೊಡ್ಡ ಜಗಳಗಳು ಆಗಿದ್ದು ಕುಡಿತ ಬಿಟ್ಟ ಮೇಲೇ. ಇಬ್ಬರನ್ನೂ ಎದುರು ಕೂರಿಸಿದಾಗ ತೀರ್ಮಾನವಾಯಿತು: ಅಂಗಡಿ ಖಾತೆ ಅವರದು, ಮನೆ ಖಾತೆ ನನ್ನದು, ತಿಂಗಳ ಕೊನೆಗೆ ಲೆಕ್ಕ ಇಬ್ಬರೂ ನೋಡುವುದು.

ದೂರು ಎಂದರೆ, ನಡುವೆ ನಮ್ಮ ಕೌನ್ಸೆಲರ್ ಕೆಲಸ ಬಿಟ್ಟುಹೋದರು. ಹೊಸಬರಿಗೆ ಎಲ್ಲಾ ಮೊದಲಿಂದ ಹೇಳಬೇಕಾಯಿತು, ತುಂಬಾ ಬೇಜಾರು. ಫೀಸೂ ಏರಿತು. ಕೇಂದ್ರಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ದುಡ್ಡಿನ ಚಿಂತೆ ಇದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಖಾಸಗಿಗೆ ಹೋಗುವುದಾದರೆ ಕೌನ್ಸೆಲರ್ ಏನು ಓದಿದ್ದಾರೆ ಅಂತ ಕೇಳಲು ಸಂಕೋಚ ಬೇಡ. ಮನೆಯವರನ್ನು ಬೇರೆಯಾಗಿ ಕೂರಿಸಿ ಮಾತಾಡಿಸುತ್ತೀರಾ ಅಂತಲೂ ಮೊದಲ ದಿನವೇ ಕೇಳಿಕೊಳ್ಳಿ.